ಕಸಬರಿಗೆ ಮೇಲೆ ಕೂತ ಅಕ್ಕೋರು

ಕಳೆದ ತಿಂಗಳು ನಮ್ಮ ಅಕ್ಕೋರ ಬೀಳ್ಕೊಡುಗೆ ನಡೆಯಿತು. ನಮ್ಮ ಮುಖ್ಯಸ್ಥೆ ಡಾಕ್ಟರಮ್ಮ ಮೈಕು ಹಿಡಿದು, “ಇಷ್ಟು ವರ್ಷಗಳಲ್ಲಿ ಇವರು ಒಂದೇ ಒಂದು ತಪ್ಪು ಮಾಡಿದವರಲ್ಲ” ಎಂದುಬಿಟ್ಟರು. ನನ್ನ ಬಾಯಲ್ಲಿ ಆಗ ಅರ್ಧ ಲಾಡು ಇತ್ತು. ನುಂಗಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಎದುರಿಗೆ ಶಾಲು ಹೊದ್ದು ಕೂತಿದ್ದ ಅಕ್ಕೋರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರು ಮಾಡಿದ ತಪ್ಪು ನನಗೆ ಗೊತ್ತು, ಡಾಕ್ಟರಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಬೀಳ್ಕೊಡುಗೆಯ ದಿನ ಯಾರೂ ನಿಜ ಹೇಳುವುದಿಲ್ಲ, ಅದು ಆ ಸಮಾರಂಭದ ಧರ್ಮ. ನನ್ನ ತಕರಾರು ಇಷ್ಟೆ. ಅಕ್ಕೋರನ್ನು ತಪ್ಪೇ ಮಾಡದವರ ಸಾಲಿಗೆ ಸೇರಿಸಿದರೆ ಅವರ ಬಗ್ಗೆ ಹೇಳಲೇಬೇಕಾದ ಮಾತೇ ಬಿಟ್ಟುಹೋಗುತ್ತದೆ.

ಅವರ ಹೆಸರು ಬರೆಯುವಂತಿಲ್ಲ. ಕೇಳಿದ್ದಕ್ಕೆ, “ನನ್ನ ಹೆಸರ ಹಾಕಿದ್ರ ನಿಮ್ಮ ಮನ್ಯಾಗ ಬಂದು ಒಂದ ತಿಂಗಳ ಕೂಡತೀನಿ ನೋಡ್ರಿ” ಎಂದು ಹೆದರಿಸಿದ್ದಾರೆ. ರಾಯಚೂರು ಕಡೆಯವರು. ಮದುವೆಗೆ ಮುಂಚೆ ಅಲ್ಲಿನ ಒಂದು ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಆ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಗಂಡನಿಗೆ ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದರು. ಪಾಠ ಬಿಟ್ಟುಹೋಯಿತು, ಅಕ್ಕೋರು ಎಂಬ ಹೆಸರು ಮಾತ್ರ ಬಸ್ಸು ಹತ್ತಿ ಜೊತೆಗೆ ಬಂತು. ಕನ್ನಡ ಬಾರದ ಡಾಕ್ಟರಮ್ಮ ಕೂಡ ಅವರನ್ನು ‘ಅಕ್ಕೋರುಗಾರು’ ಎನ್ನುತ್ತಿದ್ದರು. ಮರ್ಯಾದೆಯ ಮೇಲೆ ಇನ್ನೊಂದು ಮರ್ಯಾದೆ.

ನಮ್ಮದು ಮಕ್ಕಳ ಅಧ್ಯಯನ. ಕೂಸು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಶಾಲೆ ಸೇರುವವರೆಗೆ ಅದರ ಸುತ್ತ ಏನೇನಿದೆ ಎಂದು ಅಳೆಯುವುದು. ಉಸಿರಾಡುವ ಗಾಳಿ, ಕುಡಿಯುವ ನೀರು, ಅಂಬೆಗಾಲಿಡುವ ನೆಲ, ಒಲೆಯ ಹೊಗೆ, ಹೊರಗಿನ ಸದ್ದು. ಇವೆಲ್ಲ ಸೇರಿ ಮಗುವಿನ ಮೈಯನ್ನು ಹೇಗೆ ಕಟ್ಟುತ್ತವೆ, ಎಲ್ಲಿ ಕೆಡಿಸುತ್ತವೆ ಎಂದು ನೋಡುವುದು. ದೇಶದ ಬೇರೆ ಬೇರೆ ಊರುಗಳ ತಂಡಗಳು ಒಂದೇ ಥರದ ಫಾರಂ, ಒಂದೇ ಥರದ ಯಂತ್ರ ಹಿಡಿದು ಒಟ್ಟಾಗಿ ಮಾಡುವ ಕೆಲಸ ಇದು. ಹೈದರಾಬಾದಿನ ಪಾಲಿಗೆ ಬಂದದ್ದು ಬಾಲಾನಗರದ ವರ್ಕ್‌ಶಾಪುಗಳ ಹಿಂದಿನ ಓಣಿಗಳು. ನಾನು ಮೈಸೂರಿನಿಂದ ಬಂದು ಅಂಕಿಅಂಶ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನಾರಾಯಣಗೂಡದ ಕಚೇರಿಯಲ್ಲಿ ಏಸಿ ಕೆಳಗೆ ನಾನು, ಓಣಿಯ ಬಿಸಿಲಲ್ಲಿ ಅಕ್ಕೋರು. ಇಬ್ಬರಲ್ಲಿ ಯಾರ ಕೆಲಸ ದೊಡ್ಡದು ಎಂಬ ಬಗ್ಗೆ ಆಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಅಕ್ಕೋರು ಗಿಡ್ಡನೆಯ ಆಳು, ನಡಿಗೆ ಮಾತ್ರ ದಡದಡ. ಕೂಸುಗಳನ್ನು ತೂಗುವ ತಕ್ಕಡಿಯನ್ನು ಒಂದು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಸೊಂಟದ ಮೇಲೆ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಎಂಥ ಗದ್ದಲದ ಬಸ್ಸಿನಲ್ಲೂ ಯಾರಾದರೊಬ್ಬರು ಎದ್ದು ಸೀಟು ಬಿಡುತ್ತಿದ್ದರು. ಇದು ಮೋಸವಲ್ಲವೇ ಎಂದು ಕೇಳಿದರೆ, “ನಾ ಯಾರಿಗೂ ಕೂಸಂತ ಹೇಳಿಲ್ಲಲ್ರೀ ಸರ. ಅವರಾ ಅನಕೋತಾರ, ಅವರಾ ಏಳತಾರ” ಎನ್ನುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಮುಖ ತೋರಿಸು ಎಂದು ಹಟ ಹಿಡಿದು ಬಟ್ಟೆ ಸರಿಸಿ ನೋಡಿದಳಂತೆ. ತಕ್ಕಡಿಯ ಗಾಜಿನಲ್ಲಿ ಕಂಡದ್ದು ಮುದುಕಿಯದೇ ಮುಖ. ಇದನ್ನು ಅವರು ನನಗೆ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾರೆ, ಪ್ರತಿ ಸಲವೂ ಆ ಮುದುಕಿಗೆ ಒಂದೆರಡು ವರ್ಷ ವಯಸ್ಸು ಹೆಚ್ಚಾಗುತ್ತಿತ್ತು.

ನಮ್ಮ ಫಾರಂನಲ್ಲಿ ಒಂದು ಕಟ್ಟುನಿಟ್ಟಿತ್ತು. ಪ್ರಶ್ನೆ ಹೇಗೆ ಅಚ್ಚಾಗಿದೆಯೋ ಹಾಗೆಯೇ ಓದಬೇಕು, ಒಂದು ಅಕ್ಷರ ಆಚೀಚೆ ಆಗಬಾರದು. ಎಲ್ಲ ಊರಲ್ಲೂ ಒಂದೇ ಪ್ರಶ್ನೆ ಇದ್ದರೆ ತಾನೇ ಉತ್ತರಗಳನ್ನು ಹೋಲಿಸಲು ಆಗುವುದು? ಅಕ್ಕೋರು ಇದನ್ನು ಪಾಲಿಸುವುದಿಲ್ಲ ಎಂದು ತಿಳಿದು ನಾನೇ ಒಂದು ದಿನ ಓಣಿಗೆ ಹೋದೆ. ಅವರು ಒಂದು ಮನೆಯಲ್ಲಿ ಸೊಸೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದರು. ಫಾರಂ ಚೀಲದಿಂದ ಹೊರಗೇ ಬಂದಿರಲಿಲ್ಲ. ನನ್ನನ್ನು ಕಂಡು, “ಬರ್ರಿ ತಮ್ಮಾ, ನೀವಾ ಕೇಳ್ರಿ, ಕಲ್ತಕೋತೀನಿ” ಎಂದರು. ಕಚೇರಿಯಲ್ಲಿ ನಾನು ‘ಸರ’, ಓಣಿಗೆ ಬಂದರೆ ‘ತಮ್ಮ’. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ. ಕಳೆದ ಏಳು ದಿನಗಳಲ್ಲಿ ನಿಮ್ಮ ಮಗುವು ಮನೆಯೊಳಗೆ ತಂಬಾಕಿನ ಹೊಗೆಗೆ ಒಡ್ಡಿಕೊಂಡಿದೆಯೇ? ಸೊಸೆ ತಲೆ ತಗ್ಗಿಸಿ, ಇಲ್ಲ ಎಂದಳು. ಅವಳ ಹಿಂದೆ ಮಂಚದ ಮೇಲೆ ಮಾವ ಬೀಡಿ ಸೇದುತ್ತ, ಮೊಮ್ಮಗನನ್ನು ತೊಡೆಯ ಮೇಲೆ ಆಡಿಸುತ್ತಿದ್ದ. ಮಾವನ ಎದುರಿಗೆ ಯಾವ ಸೊಸೆ ಹೌದು ಎನ್ನುತ್ತಾಳೆ? ಅಕ್ಕೋರು ಸೊಪ್ಪಿನ ದಂಟು ಮುರಿಯುತ್ತ ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೆ. ನಾನು ಆ ದಿನ ನಿಯಮ ಬದಲಿಸಲಿಲ್ಲ, ಆದರೆ ತಪಾಸಣೆಗೆ ಹೋಗುವುದನ್ನು ನಿಲ್ಲಿಸಿದೆ.

ತೂಕ ಹಾಕುವಾಗ ಅವರದು ಇನ್ನೊಂದು ನಾಟಕ. ಕೂಸು ಚೆನ್ನಾಗಿ ಮೈ ಕೈ ತುಂಬಿಕೊಂಡಿದ್ದರೆ ಮುಖ ಸಿಂಡರಿಸಿ, ತೆಲುಗಿನಲ್ಲಿ, “ಏಮೀ ಪೆರಗಲೇದಮ್ಮಾ” ಎನ್ನುತ್ತಿದ್ದರು. ಏನೂ ಬೆಳೆದಿಲ್ಲವಲ್ಲಮ್ಮ ಎಂದು. ತಾಯಿಗೆ ಖುಷಿಯೋ ಖುಷಿ, ಯಾಕೆಂದರೆ ಇನ್ನು ದೃಷ್ಟಿಯ ಭಯವಿಲ್ಲ. ಕಾಗದದ ಮೇಲೆ ಮಾತ್ರ ಸರಿಯಾದ ತೂಕವೇ ಬೀಳುತ್ತಿತ್ತು. ಒಮ್ಮೆ ಅನುಮಾನದಿಂದ ನಾನು ಅವರ ತೂಕದ ಅಂಕಿಗಳನ್ನೆಲ್ಲ ಇನ್ನೊಬ್ಬರಿಂದ ಮತ್ತೆ ಅಳೆಸಿದೆ. ಒಂದೂ ತಪ್ಪಿರಲಿಲ್ಲ. “ಬಾಯಿ ನಂದ್ರೀ ಸರ, ಕಾಗದ ನಿಮ್ಮದು. ನಿಮ್ಮದರಾಗ ನಾ ಯಾಕ ಕೈ ಹಾಕಲಿ?” ಎಂದರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅಂದಿನಿಂದ ಅವರು ತಂದ ಯಾವ ಫಾರಮನ್ನೂ ನಾನು ಎರಡನೇ ಸಲ ನೋಡಲಿಲ್ಲ. ತಪ್ಪು ಅವರದು ಎಂದೆನಲ್ಲ, ಅದರಲ್ಲಿ ಇಷ್ಟು ನನ್ನ ಪಾಲೂ ಇದೆ.

ಆಮೇಲೆ ಧೂಳಿನ ಕೆಲಸ ಬಂತು. ಆ ಓಣಿಯ ಗಂಡಸರು ಲೇತ್ ಮೇಲೆ, ಬೆಸುಗೆಯ ಒಲೆಗಳ ಮುಂದೆ, ಹಳೆ ಬ್ಯಾಟರಿ ಬಿಚ್ಚುವ ಕಡೆ ದುಡಿಯುತ್ತಾರೆ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಬರುತ್ತಾರೆ. ಬಂದವರ ಕಾಲಿಗೆ ಮಕ್ಕಳು ತೆಕ್ಕೆ ಬೀಳುತ್ತವೆ. ಬಟ್ಟೆಯಿಂದ ಉದುರಿದ ಲೋಹದ ಧೂಳು, ಅದರಲ್ಲೂ ಸೀಸ, ನೆಲಕ್ಕೆ ಸೇರಿ, ನೆಲದಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತಿದೆಯೇ ಎಂದು ನೋಡಬೇಕಿತ್ತು. ನೆಲದ ಮೇಲೆ ಟೇಪು ಅಂಟಿಸಿ ಒಂದು ಚೌಕ ಮಾಡುವುದು, ಸಣ್ಣ ಯಂತ್ರದಿಂದ ಆ ಚೌಕದ ಧೂಳನ್ನು ಒಂದು ಬಿಳಿ ಕಾಗದದ ಮೇಲೆ ಎಳೆದುಕೊಳ್ಳುವುದು, ಪರೀಕ್ಷೆಗೆ ಕಳಿಸುವುದು. ಷರತ್ತು ಎರಡು. ಹಿಂದಿನ ದಿನವೇ ಮನೆಯವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ತಿಳಿಸಿದ ಮೇಲೆ ಅವರು ನೆಲ ಗುಡಿಸಬಾರದು.

ಈ ಎರಡು ಷರತ್ತುಗಳನ್ನು ಬರೆದವರು ಯಾರೋ, ಅವರ ಮನೆಗೆ ನೆಂಟರು ಬಂದಂತಿಲ್ಲ. ನಾಳೆ ಮನೆಗೆ ಬರುತ್ತೇವೆ ಎಂದು ಹೇಳಿ, ಕಸ ಹಾಗೇ ಇರಲಿ ಎಂದರೆ ನಮ್ಮ ಹೆಂಗಸರು ಕೇಳುತ್ತಾರೆಯೇ? ಅಕ್ಕೋರು ಹೋಗುವಷ್ಟರಲ್ಲಿ ಶಹಾಬಾದ್ ಕಲ್ಲಿನ ನೆಲ ಪಳಪಳ ಹೊಳೆಯುತ್ತಿರುತ್ತಿತ್ತು. ಬಾಗಿಲಲ್ಲಿ ಹೊಸ ರಂಗೋಲಿ, ಒಳಗೆ ಫಿನಾಯಿಲ್ ವಾಸನೆ, ಕಲ್ಲಿನ ಸಂದಿಗಳಲ್ಲಿ ಇನ್ನೂ ಆರದ ನೀರು. ಫಾರಂನಲ್ಲಿ ಪ್ರಶ್ನೆ ಇತ್ತು. ನಿನ್ನೆಯಿಂದ ಗುಡಿಸಿದ್ದೀರಾ? ತಾಯಿ ಸೆರಗಿನ ತುದಿ ಹಿಡಿದು, ಇಲ್ಲ ಎನ್ನುತ್ತಿದ್ದಳು. ಅಕ್ಕೋರು ಅವಳ ಒದ್ದೆ ಕೈ ನೋಡಿ, ಇಲ್ಲ ಎಂದೇ ಬರೆದುಕೊಳ್ಳುತ್ತಿದ್ದರು. ಮನೆಯಿಂದ ಮನೆಗೆ, ತಿಂಗಳಿಂದ ತಿಂಗಳಿಗೆ, ಹಾಗೆಯೇ.

ಆಗ ನನಗೆ ಇದಾವುದೂ ಗೊತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಊರುಗಳ ಧೂಳೂ ಕಂಬಕಂಬವಾಗಿ ನಿಂತಿತ್ತು, ಹೈದರಾಬಾದಿನ ಕಂಬ ಎಲ್ಲಕ್ಕಿಂತ ಗಿಡ್ಡ. ಊರಿಗೆ ಊರೇ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಷ್ಟು ಖುಷಿ ನನಗೆ. ಗುರುವಾರದ ಆನ್‌ಲೈನ್ ಸಭೆಯಲ್ಲಿ ಎಲ್ಲ ಊರಿನವರ ಎದುರು ಆ ಚಿತ್ರ ಹಾಕಿದೆ. ದೊಡ್ಡ ದೊಡ್ಡ ವಿಜ್ಞಾನಿಗಳು ಕಾರಣ ಹುಡುಕತೊಡಗಿದರು. ಒಬ್ಬರು ದಖನ್ನಿನ ಒಣಗಾಳಿ ಎಂದರು. ಇನ್ನೊಬ್ಬರು ಓಣಿಗಳು ಇರುವ ದಿಕ್ಕು ಎಂದರು. ಶಹಾಬಾದ್ ಕಲ್ಲಿನ ನುಣುಪಿಗೆ ಧೂಳು ನಿಲ್ಲುವುದಿಲ್ಲ ಎಂಬ ಸಿದ್ಧಾಂತವನ್ನು ಮಂಡಿಸಿದವನು ನಾನೇ. ಅದನ್ನು ಎಲ್ಲರೂ ಬರೆದುಕೊಂಡರು. ಒಂದು ಬಕೆಟ್ ನೀರು, ಒಂದು ಒರೆಸುವ ಬಟ್ಟೆ ಯಾರ ತಲೆಗೂ ಹೊಳೆಯಲಿಲ್ಲ.

ಕೊನೆಗೆ ನಿರ್ಧಾರವಾಯಿತು. ಮುಂದಿನ ಹಂತದಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡುವುದು. ಹೆಚ್ಚಿದ್ದ ಮಕ್ಕಳಿಗೆ ಆರೈಕೆ, ಅಲ್ಲಿನ ವರ್ಕ್‌ಶಾಪುಗಳಲ್ಲಿ ಕೆಲಸಗಾರರು ಮೈತೊಳೆದು ಬಟ್ಟೆ ಬದಲಿಸಿ ಮನೆಗೆ ಹೋಗಲು ವ್ಯವಸ್ಥೆ. ಪರೀಕ್ಷೆಯ ಸಾಮಗ್ರಿ ಎಲ್ಲ ಊರಿಗೆ ಸಾಲುವುದಿಲ್ಲ, ಆದ್ದರಿಂದ ಧೂಳು ಹೆಚ್ಚಿರುವ ಊರುಗಳಿಗೆ ಮಾತ್ರ. ಹೈದರಾಬಾದಿಗೆ ಅದರ ಅಗತ್ಯವೇ ಇಲ್ಲ, ಅಭಿನಂದನೆಗಳು ಎಂದರು.

ಅಕ್ಕೋರು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಇಂಗ್ಲಿಷು ಮಾತಾಡದಿದ್ದರೂ ಬೇಕಾದಷ್ಟು ತಿಳಿಯುತ್ತಿತ್ತು. ಮೆಲ್ಲಗೆ ನನ್ನ ಹೆಗಲು ತಟ್ಟಿದರು.

“ಏನಂದ್ರೀ ಸರ ಅವರು? ನಮ್ಮ ಓಣಿ ಹುಡುಗೂರ ರಕ್ತ ನೋಡಂಗಿಲ್ಲಾ?”

“ಬೇಕಾಗಿಲ್ಲ ಅಕ್ಕೋರೆ. ನಮ್ಮ ಮನೆಗಳು ಶುದ್ಧವಾಗಿವೆ.”

“ಬುಜ್ಜಿದೂ ನೋಡಂಗಿಲ್ಲಾ?”

ಬುಜ್ಜಿ ಓಣಿಯ ಕೊನೆಯ ಮನೆಯ ಹುಡುಗಿ. ಮೂರು ವರ್ಷ ದಾಟಿದರೂ ಮಾತು ಎರಡೋ ಮೂರೋ. ಅಪ್ಪ ಬ್ಯಾಟರಿ ಬಿಚ್ಚುವ ಕಡೆ ಕೆಲಸಕ್ಕಿದ್ದ. ಬುಜ್ಜಿಯನ್ನು ತೂಗುವಾಗ ಮಾತ್ರ ಅಕ್ಕೋರು ನಾಟಕ ಆಡುತ್ತಿರಲಿಲ್ಲ, ಏಕೆಂದರೆ ಅದು ನಿಜಕ್ಕೂ ಬೆಳೆದಿರುತ್ತಿರಲಿಲ್ಲ.

“ಇಲ್ಲ” ಎಂದೆ. ಅಕ್ಕೋರು ಎದ್ದು ನಿಂತರು. “ಅದು ಸುಳ್ಳೈತ್ರಿ” ಎಂದು ಜೋರಾಗಿ ಹೇಳಿದರು. ನಾನು ತಟಕ್ಕನೆ ಮೈಕು ಬಂದ್ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ನನ್ನ ಬೆರಳು ಆ ದಿನ ಹೋದದ್ದು ಅಲ್ಲಿಗೇ. ಏನು ಸುಳ್ಳು ಎಂದೂ ನಾನು ಕೇಳಲಿಲ್ಲ. ಎಲ್ಲ ಊರಿನವರ ಎದುರು ನನ್ನ ಚಿತ್ರ ಇತ್ತು, ಅದು ಹಾಳಾಗಬಾರದು ಎಂಬುದಷ್ಟೇ ತಲೆಯಲ್ಲಿತ್ತು.

“ಅದನ್ನ ತಗೀರಿ ಸರ” ಎಂದರು ಅಕ್ಕೋರು.

“ಆಮೇಲೆ ಮಾತಾಡೋಣ, ಕೂತ್ಕೊಳ್ಳಿ.”

“ಆಮ್ಯಾಲೆ ಅವರು ಎದ್ದು ಹೊಕ್ಕಾರ. ತಗೀರಿ.”

ಡಾಕ್ಟರಮ್ಮ ಪಕ್ಕದಿಂದ ಕೈ ಚಾಚಿ ತಾವೇ ಮೈಕು ತೆರೆದರು. ಅಕ್ಕೋರು ಸೆರಗು ಹೊದ್ದು, ಪರದೆಯ ಹತ್ತಿರ ಬಂದು, ತಮಗೆ ಬರುವ ಹೈದರಾಬಾದಿ ಹಿಂದಿಯಲ್ಲಿ ಹೇಳಿದರು: “ಸಬ್ ಘರಾಂ ಧೋಕೋ ರಖೇ ಥೇ ಸಾಬ್. ಮೇರೇಕು ಮಾಲೂಮ್ ಥಾ. ಮೈಂ ಝೂಟ್ ಲಿಖೀ.” ಎಲ್ಲ ಮನೆಗಳನ್ನೂ ತೊಳೆದಿಟ್ಟಿದ್ದರು, ನನಗೆ ಗೊತ್ತಿತ್ತು, ನಾನು ಸುಳ್ಳು ಬರೆದೆ. ಇಷ್ಟೇ ಮಾತು. ಒಣಗಾಳಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಸಭೆ ಮುಗಿದ ಮೇಲೆ ಅವರನ್ನು ಕೇಳಿಯೇಬಿಟ್ಟೆ, “ಕಾಗದ ನಿಮ್ಮದು, ಕೈ ಹಾಕಲ್ಲ ಅಂದಿದ್ರಲ್ಲ?” ಅಕ್ಕೋರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ಗುಡಿಸ್ಯಾರ, ಹೌದು ಅಂತ ಬರದ್ರ ಮತ್ತ ಹೋಗಬೇಕ್ರಿ. ಮತ್ತ ಹೋಗಿ, ಯಾಕವ್ವಾ ಗುಡಿಸಿದಿ ಅಂತ ಕೇಳಬೇಕು. ಒಬ್ಬಾಕಿ ಹೆಣಮಗಳಿಗಿ ಮನಿ ಯಾಕ ಸ್ವಚ್ಛ ಇಟ್ಟಿ ಅಂತ ಹೆಂಗ ಕೇಳಲಿ? ನನ್ನ ನಾಲಗಿ ಏಳಲಿಲ್ಲ. ಅದರಿಂದ ಹುಡುಗೂರಿಗಿ ಹಿಂಗ ಆಗತೈತಿ ಅಂತ ನಾ ವಿಚಾರ ಮಾಡಲಿಲ್ರಿ. ತಪ್ಪ ನಂದು.”

ಲಿಖಿತ ಹೇಳಿಕೆ ಕೊಡಬೇಕಾಯಿತು. ಕನ್ನಡದಲ್ಲಿ ಬರೆದುಕೊಟ್ಟರು, ಇಂಗ್ಲಿಷಿಗೆ ತಿರುಗಿಸುವ ಭಾಗ್ಯ ನನ್ನದಾಯಿತು. ನಾನು ಸಿಟ್ಟಿನಲ್ಲಿ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ, ಆದರೆ ಒಂದು ಅನುಮಾನ ಕೇಳಲೇಬೇಕಾಯಿತು. ತಾಯಂದಿರು ಸುಳ್ಳು ಹೇಳಿದರು ಎಂಬುದನ್ನು ಎಲ್ಲೂ ಬರೆದೇ ಇಲ್ಲವಲ್ಲ ಎಂದೆ. “ಅವರು ನನಗ ಹೇಳಿದ್ರು. ಬರದಾಕಿ ನಾನು” ಎಂದರು. ವರ್ಷಗಟ್ಟಲೆ ಓಣಿ ತಿರುಗಿದ ಮೇಲೆ ಸಿಕ್ಕಿದ್ದ ಮೇಲ್ವಿಚಾರಕಿಯ ಹುದ್ದೆ ಹೋಯಿತು. ನಿವೃತ್ತಿಗೆ ಸ್ವಲ್ಪವೇ ದಿನ ಉಳಿದಿದ್ದಾಗ ಮತ್ತೆ ಮೊದಲಿನಂತೆ ಬರೀ ಚೀಲ ಹಿಡಿದು ಓಣಿ ತಿರುಗುವ ಕೆಲಸ. ಹೈದರಾಬಾದಿನ ಧೂಳಿನ ಲೆಕ್ಕವನ್ನೆಲ್ಲ ತೆಗೆದುಹಾಕಿದರು. ಆರು ವಾರದೊಳಗೆ ಸರಿಯಾಗಿ ಮತ್ತೆ ಸಂಗ್ರಹಿಸಿದರೆ ಸರಿ, ಇಲ್ಲವಾದರೆ ರಕ್ತಪರೀಕ್ಷೆಯ ಪಟ್ಟಿಯಲ್ಲಿ ನಮ್ಮ ಓಣಿ ಇರುವುದಿಲ್ಲ ಎಂದು ಪತ್ರ ಬಂತು.

ಈ ಸಲ ನಾನೇ ಮುಂದೆ ನಿಂತೆ. ಹೇಳದೆ ಹೋಗುವಂತಿಲ್ಲ, ಹೇಳಿ ಹೋದರೆ ಕಸ ಇರುವುದಿಲ್ಲ. ಬಣ್ಣದ ಚಿತ್ರಗಳನ್ನು ಅಚ್ಚು ಹಾಕಿಸಿದೆ. ಕಸಬರಿಗೆಯ ಮೇಲೆ ದೊಡ್ಡ ಕೆಂಪು ಗೀಟು. ಮನೆಮನೆಗೂ ಅಂಟಿಸಿ, ಕೈಮುಗಿದು, ನನಗೆ ಬರುವ ಮುರುಕು ತೆಲುಗಿನಲ್ಲಿ ಭಾಷಣ ಮಾಡಿದೆ. ಮರುದಿನ ಹೋದರೆ ಮೊದಲ ಮನೆಯ ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ಎರಡನೇ ಮನೆಯಾಕೆ ಗುಡಿಸಿರಲಿಲ್ಲ. ನನ್ನ ಎದೆ ಹಗುರಾಯಿತು. ನಾನು ಟೇಪು ಬಿಡಿಸುತ್ತ ಬಗ್ಗಿದ್ದೇ ತಡ, ಪಾಪ, ಆಕೆಗೆ ತಡೆಯಲಾಗಲಿಲ್ಲ. ನನ್ನ ಕೈಯ ಪಕ್ಕದಲ್ಲೇ ಸೆರಗಿನಿಂದ ಚೌಕವನ್ನು ಸರಕ್ಕನೆ ಒರೆಸಿಬಿಟ್ಟಳು. ವಾರ ಕಳೆಯಿತು, ಒಂದು ಮನೆಯಲ್ಲೂ ಸರಿಯಾದ ಧೂಳು ಸಿಗಲಿಲ್ಲ.

ಸೋತು ಅಕ್ಕೋರ ಹತ್ತಿರ ಹೋದೆ. ಅವರಾಗಲೇ ಏನೋ ಯೋಚಿಸಿಟ್ಟಿದ್ದರು. “ಶುಕ್ರವಾರ ಮಧ್ಯಾಹ್ನ ಆ ಮಷೀನ ತಗೊಂಡು ನಮ್ಮ ಮನಿಗಿ ಬರ್ರಿ” ಎಂದರು, “ಹೊಟ್ಟಿ ಖಾಲಿ ಇಟಗೊಂಡು ಬರ್ರಿ.”

ಅವರ ಮನೆ ನಾನು ಮೊದಲೂ ನೋಡಿದ್ದೆ. ಚಪ್ಪಲಿ ಬಾಗಿಲಿನಿಂದ ಮಾರು ದೂರ ಬಿಡಬೇಕು, ಚಹಾದ ಕಪ್ಪು ನೆಲಕ್ಕೆ ಇಟ್ಟರೆ ಕೆಳಗೆ ಕಾಗದ ಹಾಸಬೇಕು. ಅಂಥ ಮನೆ. ಶುಕ್ರವಾರ ಹೋಗಿ ನೋಡಿದರೆ ನನಗೆ ದಿಗಿಲಾಯಿತು. ಮೂರು ದಿನದಿಂದ ಗುಡಿಸಿಲ್ಲ. ರೊಟ್ಟಿ ಬಡಿದ ಜೋಳದ ಹಿಟ್ಟು, ಉಳ್ಳಾಗಡ್ಡಿ ಸಿಪ್ಪೆ, ಬಾಚಿದ ಕೂದಲಿನ ಉಂಡೆ ಎಲ್ಲ ನೆಲದ ಮೇಲೆ. ಅದರ ನಡುವೆ ಓಣಿಯ ತಾಯಂದಿರೆಲ್ಲ ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ಊಟಕ್ಕೆ ಕರೆದಿದ್ದಾರೆ, ನೆಲ ಹೀಗಿದೆ. ಯಾರಿಗೂ ಎಲ್ಲಿ ನೋಡಬೇಕೋ ತಿಳಿಯದು. ಅಕ್ಕೋರ ಯಜಮಾನರು ಹಿತ್ತಲಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದರು. ಅಷ್ಟರಲ್ಲಿ ಬುಜ್ಜಿಯ ತಾಯಿ ತಡೆಯಲಾರದೆ ಎದ್ದು ಮೂಲೆಯ ಕಸಬರಿಗೆಗೆ ಕೈಹಾಕಿದಳು. ಅಕ್ಕೋರು ಅವಳಿಗಿಂತ ಮುಂಚೆ ಅದನ್ನು ಕಸಿದುಕೊಂಡು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟರು.

ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕಸಬರಿಗೆಗೆ ಕಾಲು ತಾಗಿದರೇ ಕಣ್ಣಿಗೊತ್ತಿಕೊಳ್ಳುವವರು ಅವರು. ಅದೂ ಲಕ್ಷ್ಮಿಯ ವಾರ. ಅಕ್ಕೋರು ಮೇಲೆ ಏಳಲಿಲ್ಲ. “ತಮ್ಮಾ, ಟೇಪ್ ಹಚ್ಚರಿ” ಎಂದರು. ನಾನು ಅವರ ಮುಂದೆಯೇ ಚೌಕ ಮಾಡಿ ಯಂತ್ರ ನಡೆಸಿದೆ. ಬಿಳಿ ಕಾಗದ ಬೂದಿಯ ಬಣ್ಣಕ್ಕೆ ತಿರುಗಿತು. ಅದನ್ನು ಅಕ್ಕೋರು ಕೈಯಿಂದ ಕೈಗೆ ಕೊಟ್ಟು ಎಲ್ಲರಿಗೂ ತೋರಿಸಿದರು. ಆಮೇಲೆ ತೆಲುಗಿನಲ್ಲಿ ಹೇಳಿದ್ದು ಇಷ್ಟು: “ನನ್ನ ಮನೆಯ ಹೊಲಸನ್ನು ನೀವೆಲ್ಲ ನೋಡಿದಿರಿ. ಇನ್ನು ನಿಮ್ಮದು ನನಗೆ ತೋರಿಸಲು ಏನು ನಾಚಿಕೆ? ನೀವು ತೊಳೆದಿಟ್ಟ ನೆಲವನ್ನು ನಾನು ಗುಡಿಸಿಲ್ಲ ಅಂತ ಬರೆದೆ. ಅದಕ್ಕೆ ನಿಮ್ಮ ಮಕ್ಕಳ ರಕ್ತ ನೋಡುವುದಿಲ್ಲ ಅನ್ನುತ್ತಿದ್ದಾರೆ. ಒಂದು ದಿನ, ನನಗಾಗಿ ಹೊಲಸು ಇಡಿ.”

ಯಾರೋ ಒಬ್ಬಾಕೆ ಫಕ್ಕನೆ ನಕ್ಕಳು. ಆಮೇಲೆ ಎಲ್ಲರೂ. ಬುಜ್ಜಿಯ ತಾಯಿ ಮಾತ್ರ ನಗಲಿಲ್ಲ. “ಮೊದಲು ನಮ್ಮ ಮನೆಗೇ ಬಾ ಅಕ್ಕಾ” ಎಂದಳು. ಊಟ ಅಲ್ಲೇ, ಆ ನೆಲದ ಮೇಲೆಯೇ ಆಯಿತು. ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ. ತಟ್ಟೆಯ ಕೆಳಗೆ ಏನಿದೆ ಎಂದು ನೋಡದೆ ನಾನು ಎರಡು ಸಲ ಹಾಕಿಸಿಕೊಂಡೆ.

ಉಳಿದ ವಾರಗಳಲ್ಲಿ ನಾವಿಬ್ಬರೂ ಮನೆ ಮನೆ ತಿರುಗಿದೆವು. ಯಂತ್ರ ನಾನು ಹೊತ್ತೆ, ಬಸ್ಸಿನಲ್ಲಿ ನನಗೆ ಯಾರೂ ಸೀಟು ಬಿಡಲಿಲ್ಲ. ಹೆಂಗಸರು ಮಾತಿಗೆ ತಪ್ಪಲಿಲ್ಲ, ಕೆಲವರಂತೂ ಅತಿಯಾಗಿ ಉದಾರಿಗಳಾಗಿ ಬೀದಿಯ ಕಸವನ್ನೂ ಒಳಗೆ ತಂದು ಹರವಿದ್ದರು. ಅಂಥ ಮನೆಗಳಲ್ಲಿ ಅಕ್ಕೋರು ಒಳಗೆ ಕಾಲಿಡುತ್ತಲೇ, “ಇದು ನಿನ್ನ ಮನಿದಲ್ಲ, ಹೊರಗಿಂದು” ಎಂದು ಕಂಡುಹಿಡಿದು, ಫಾರಂನಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ಮತ್ತೆ ನಾಳೆ ಬರುತ್ತೇವೆ ಎನ್ನುತ್ತಿದ್ದರು. ಕೇಳಲು ನಾಲಗೆ ಏಳುವುದಿಲ್ಲ ಎಂದವರು ಅವರೇ. ಈಗ ನೋಡಿದರೆ ಒಬ್ಬರನ್ನೂ ಬಿಡುತ್ತಿರಲಿಲ್ಲ, ಯಾರಿಗೂ ಬೇಸರವೂ ಆಗುತ್ತಿರಲಿಲ್ಲ.

ಗಡುವಿಗೆ ಮೂರು ದಿನ ಮುಂಚೆ ಕೊನೆಯ ಕಾಗದ ಕಳಿಸಿದೆವು. ಉತ್ತರ ಬಂದಾಗ ನಮ್ಮ ಗಿಡ್ಡ ಕಂಬ ಎಲ್ಲ ಊರುಗಳನ್ನೂ ಮೀರಿ ಮೇಲೆ ಹೋಗಿತ್ತು. ಶಹಾಬಾದ್ ಕಲ್ಲಿನ ಸಿದ್ಧಾಂತವನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನಂತೂ ಎತ್ತಲೇ ಇಲ್ಲ. ರಕ್ತಪರೀಕ್ಷೆಯ ಪಟ್ಟಿಯಲ್ಲಿ ಬಾಲಾನಗರದ ಓಣಿ ಸೇರಿತು. ಆ ದಿನ ನಾನು ಮಿಠಾಯಿ ತಂದಿದ್ದೆ. ಗೆದ್ದೆವು ಎಂದು ಕಚೇರಿಯಲ್ಲಿ ಎಲ್ಲರ ಕೈ ಕುಲುಕಿದೆ. ಅಕ್ಕೋರು ಒಂದು ತುಂಡು ತೆಗೆದುಕೊಂಡು, “ಇನ್ನ ರಕ್ತ ಬರಲಿ ತಡೀರಿ” ಎಂದು ಡಬ್ಬಿಯ ಮುಚ್ಚಳ ಮುಚ್ಚಿದರು.

ಅಂಗನವಾಡಿಯಲ್ಲಿ ಮಕ್ಕಳ ರಕ್ತ ತೆಗೆಯುವ ದಿನ ಒಂದು ಮಗುವೂ ತಪ್ಪಲಿಲ್ಲ. ಬುಜ್ಜಿ ಅಕ್ಕೋರ ತೊಡೆಯ ಮೇಲೆ ಕೂತು, ಸೂಜಿ ಹೊಕ್ಕಾಗ ಅಳದೆ ಅವರ ಕೈಯನ್ನು ಕಚ್ಚಿತು. “ಹಲ್ಲ ಗಟ್ಟಿ ಅದಾವ, ಬರಕೋರಿ” ಎಂದು ಅವರು ನನಗೆ ಕೈ ತೋರಿಸಿದರು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಮೊದಲು ಅಕ್ಕೋರಿಗೆ ತೋರಿಸಿ ಬನ್ನಿ, ತಾಯಂದಿರಿಗೆ ಅವರ ಬಾಯಿಂದಲೇ ತಿಳಿಯಲಿ, ಸಂಜೆಗೆ ನಾನೂ ಬರುತ್ತೇನೆ ಎಂದರು. ನಾನು ಓಣಿಗೆ ಹೋದೆ. ವರ್ಕ್‌ಶಾಪುಗಳ ಸದ್ದು ಎಂದಿನಂತೆ ಇತ್ತು. ಅಕ್ಕೋರು ಬುಜ್ಜಿಯ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಅದರ ತಾಯಿ ಪಾತ್ರೆ ಬೆಳಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪಟ್ಟಿ ಬಿಡಿಸಿದೆ. ಒಂದೊಂದೇ ಹೆಸರಿನ ಮುಂದೆ ಬೆರಳಿಟ್ಟು ಹೇಳುತ್ತ ಹೋದೆ. ಇದು ಹೆಚ್ಚು, ಇದೂ ಹೆಚ್ಚು, ಇದು ಪರವಾಗಿಲ್ಲ, ಇದು ಹೆಚ್ಚು. ಬುಜ್ಜಿಯದು ಎಲ್ಲಕ್ಕಿಂತ ಹೆಚ್ಚು. ನಾವು ಹೇಳಿದ್ದೇ ಸರಿ ಎಂದು ತೋರಿಸುವ ಅಂಥ ಸ್ಪಷ್ಟ ಅಂಕಿಗಳು ನನ್ನ ಕೆಲಸದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ.

“ಈಗ ಗೊತ್ತಾಯ್ತಲ್ಲ ಅಕ್ಕೋರೆ. ಆರೈಕೆ ಶುರುಮಾಡ್ತಾರೆ. ನೀವು ಆವತ್ತು ಎದ್ದು ನಿಲ್ಲದೆ ಇದ್ದಿದ್ರೆ ಇದು ಯಾರಿಗೂ ತಿಳೀತಿರಲಿಲ್ಲ” ಎಂದೆ.

ಅಕ್ಕೋರು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಕೆಗೆ ಮಡಿಕೆ ಸೇರಿಸಿ ಮಡಚಿದರು.

“ನಾ ಬರದಿಟ್ಟ ಸುಳ್ಳಾ ಖರೇ ಇದ್ದಿದ್ರ ಈ ಹುಡುಗೂರಿಗಿ ಛಲೋ ಇತ್ತಲ್ರೀ ತಮ್ಮಾ” ಎಂದರು. ಆಮೇಲೆ ಕಣ್ಣೊರೆಸಿಕೊಂಡು, ಬುಜ್ಜಿಯ ತಾಯಿಗೆ ಹೇಳಲು ಒಳಗೆ ಹೋದರು.